ಹೊಗೆಯಿಲ್ಲದ ತಂಬಾಕು, ಎಳೆಯ ಬಾಯಿ

ಕರ್ನಾಟಕದ ಬಗ್ಗೆ ಎರಡು ಅಂಕಿಗಳಿವೆ. ಒಂದರ ಪಕ್ಕ ಇನ್ನೊಂದನ್ನು ಇಟ್ಟರೆ ಹೊಂದುವುದೇ ಇಲ್ಲ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ, ರಾಜ್ಯದಲ್ಲಿ ಹದಿನೈದು ದಾಟಿದವರ ಪೈಕಿ ನೂರಕ್ಕೆ 16.3 ಮಂದಿ ಹೊಗೆಸೊಪ್ಪು, ಜರ್ದಾ, ಖೈನಿ, ಗುಟ್ಕಾ, ಕಡ್ಡಿಪುಡಿ, ನಶ್ಯಗಳಲ್ಲಿ ಯಾವುದಾದರೊಂದನ್ನು ಬಳಸುತ್ತಾರೆ. 2019ರಲ್ಲಿ 13ರಿಂದ 15 ವರ್ಷದ ಶಾಲಾಮಕ್ಕಳನ್ನು ಕೇಳಿದಾಗ, ಬೀಡಿ ಸಿಗರೇಟನ್ನೂ ಸೇರಿಸಿ, ತಂಬಾಕು ಬಳಸುತ್ತೇವೆ ಎಂದವರು ನೂರಕ್ಕೆ 1.2 ಮಾತ್ರ. ದೇಶದಲ್ಲೇ ತೀರ ಕಡಿಮೆ ಬಳಕೆಯ ರಾಜ್ಯಗಳ ಸಾಲಿನಲ್ಲಿ ನಾವಿದ್ದೆವು. ಹಾಗಾದರೆ ಉಳಿದವರು ಯಾವಾಗ, ಎಲ್ಲಿ ಶುರು ಮಾಡುತ್ತಾರೆ?

ಅದೇ 2019ರ ಸಮೀಕ್ಷೆಯ ಅಖಿಲ ಭಾರತ ಚಿತ್ರ ಇನ್ನಷ್ಟು ಕಳವಳ ಹುಟ್ಟಿಸುತ್ತದೆ. ಹೊಗೆಯಿಲ್ಲದ ತಂಬಾಕು ಬಳಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ನೂರಕ್ಕೆ 52, ಹತ್ತನೆಯ ಹುಟ್ಟುಹಬ್ಬಕ್ಕೆ ಮೊದಲೇ ಅದರ ರುಚಿ ನೋಡಿದ್ದರು. ಸಿಗರೇಟಿನಲ್ಲಿ ಈ ಪ್ರಮಾಣ ನೂರಕ್ಕೆ 38. ಹೊಗೆಯಿಲ್ಲ, ವಾಸನೆ ಕಡಿಮೆ, ಬೆಂಕಿ ಬೇಡ. ಹಾಗಾಗಿ ಅದು ಮಕ್ಕಳ ಕೈಗೆ ಬೇಗ ಸಿಗುತ್ತದೆ, ದೊಡ್ಡವರ ಕಣ್ಣಿಗೆ ತಡವಾಗಿ ಬೀಳುತ್ತದೆ.

ಇದರಿಂದ ಎಳೆಯರಿಗೆ ಆಗುವ ಕೆಡುಕು ಏನು, ಅದಕ್ಕೆ ಕಾರಣ ಯಾವುದು, ತಡೆಯುವುದು ಹೇಗೆ ಎಂಬ ಬಗ್ಗೆ ವೈದ್ಯರು, ವಿಜ್ಞಾನಿಗಳು, ರೈತರು, ನ್ಯಾಯಾಲಯಗಳು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಕೆಲವು ಪ್ರಶ್ನೆಗಳು ಮುಗಿದಿವೆ. ಎಳೆಯರಿಗೆ ಸಂಬಂಧಿಸಿದ ಹಲವು ಪ್ರಶ್ನೆಗಳು ಮುಗಿದಿಲ್ಲ.

ತಾಂಬೂಲದಿಂದ ಪೊಟ್ಟಣಕ್ಕೆ

1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿನ ತಾಂಬೂಲವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಆ ತಾಂಬೂಲದಲ್ಲಿ ತಂಬಾಕು ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಅಮೆರಿಕ ಖಂಡದ ಆ ಗಿಡ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದದ್ದು ಆಮೇಲೆ. ಅಕ್ಬರನ ದೂತ ಅಸದ್ ಬೇಗ್ ಹದಿನೇಳನೆಯ ಶತಮಾನದ ಆರಂಭದಲ್ಲಿ ತಂಬಾಕನ್ನು ಮೊದಲು ಕಂಡದ್ದು ಆದಿಲ್‌ಶಾಹಿಗಳ ಬಿಜಾಪುರದಲ್ಲಿ. ಅಲ್ಲಿಂದಲೇ ಅದನ್ನು ಮೊಘಲ್ ದರ್ಬಾರಿಗೆ ಒಯ್ದ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ದರ್ಬಾರಿನ ಹಕೀಮರು ಆಗಲೇ ಚರ್ಚಿಸಿದ್ದರು. 1617ರಲ್ಲಿ ಜಹಾಂಗೀರ್ ತಂಬಾಕು ಸೇವನೆಗೆ ನಿಷೇಧ ಹಾಕಿದ. ಈ ವಾದಕ್ಕೂ ನಿಷೇಧಕ್ಕೂ ನಮ್ಮಲ್ಲಿ ನಾಲ್ಕು ಶತಮಾನದ ವಯಸ್ಸಿದೆ.

ಹುಕ್ಕಾದ ಮೂಲಕ ಬಂದ ಎಲೆ ಕ್ರಮೇಣ ಎಲೆಯಡಿಕೆಯ ತಟ್ಟೆಗೂ ಸೇರಿತು. ಆದರೂ ಬಹುಕಾಲ ಅದಕ್ಕೊಂದು ಕಟ್ಟುಪಾಡಿತ್ತು. ಕವಳ ಹಾಕುವುದು ದೊಡ್ಡವರ ಅಭ್ಯಾಸ, ಊಟದ ನಂತರದ್ದು, ಜಗಲಿಯ ಮೇಲೆ ಕೂತು ಮಾಡುವಂಥದ್ದು. ಶಾಲೆಗೆ ಹೋಗುವ ಹುಡುಗ ಹೊಗೆಸೊಪ್ಪು ಹಾಕಿಕೊಂಡರೆ ಮನೆಯಲ್ಲಿ ಬೈಗುಳ ಬೀಳುತ್ತಿತ್ತು. ಈ ಬೇಲಿ ಮುರಿದದ್ದು 1970ರ ದಶಕದ ನಂತರ, ಪಾನ್ ಮಸಾಲಾ ಮತ್ತು ಗುಟ್ಕಾ ಒಣ ಪುಡಿಯಾಗಿ ಪುಟ್ಟ ಪೊಟ್ಟಣಗಳಲ್ಲಿ ಬರತೊಡಗಿದಾಗ. ಸುಣ್ಣ, ಕಾಚು, ಅಡಿಕೆ ಚೂರು, ತಂಬಾಕು, ಸುವಾಸನೆ, ಸಿಹಿ ಎಲ್ಲವೂ ಬೆರೆಸಿಯೇ ಸಿಗುತ್ತಿದ್ದವು. ಎಲೆ ಬೇಡ, ಅಡಕತ್ತರಿ ಬೇಡ, ಕೂರುವ ಜಾಗವೂ ಬೇಡ. ಒಂದೆರಡು ರೂಪಾಯಿಗೆ, ಚಾಕೊಲೇಟಿನ ಪಕ್ಕದಲ್ಲೇ, ಗೂಡಂಗಡಿಯ ಮುಂದೆ ಮಾಲೆಮಾಲೆಯಾಗಿ ತೂಗುತ್ತಿತ್ತು. ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ತಿರುವು ಇದೇ. ಎಲೆಯಡಿಕೆ ಹಳೆಯದು, ತಂಬಾಕೂ ಹಳೆಯದು. ಮಕ್ಕಳನ್ನು ಇದರೊಳಗೆ ಎಳೆದು ತಂದದ್ದು ಪೊಟ್ಟಣ.

ತಂಬಾಕೇ ಮೂಲ ಎಂಬ ವಾದ

ವೈದ್ಯಲೋಕದ ಮೊದಲ ಮತ್ತು ಅತ್ಯಂತ ಗಟ್ಟಿ ನಿಲುವು ಇದು. 1933ರಲ್ಲಿ ತಿರುವಾಂಕೂರಿನ ನೆಯ್ಯೂರು ಮಿಷನ್ ಆಸ್ಪತ್ರೆಯಲ್ಲಿದ್ದ ಐ. ಎಂ. ಓರ್, ಎಲೆಯಡಿಕೆ ಜಗಿಯುವವರಲ್ಲಿ ಕಂಡ ಬಾಯಿಯ ಕ್ಯಾನ್ಸರ್ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ವಿ. ಆರ್. ಖಾನೋಲ್ಕರ್ ಈ ಬಗೆಯ ಅಧ್ಯಯನವನ್ನು ಮುಂದಕ್ಕೊಯ್ದರು. ಜಗಿದದ್ದನ್ನು ಒತ್ತರಿಸಿ ಇಟ್ಟುಕೊಳ್ಳುವ ಕೆನ್ನೆಯ ಕಡೆಯಲ್ಲೇ ಹುಣ್ಣು ಏಳುವುದನ್ನು ಕಂಡ ಮೇಲೆ ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ, ತಂಬಾಕು ಬೆರೆತ ಎಲೆಯಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ತೀರ್ಮಾನಿಸಿತು. ಹೊಗೆಯಿಲ್ಲದ ತಂಬಾಕಿನಿಂದ ಬಾಯಿಗೆ, ಅನ್ನನಾಳಕ್ಕೆ, ಮೇದೋಜೀರಕ ಗ್ರಂಥಿಗೆ ಕ್ಯಾನ್ಸರ್ ಬರುತ್ತದೆಂಬುದು ಆಮೇಲಿನ ಸಂಪುಟಗಳಲ್ಲಿ ಖಚಿತವಾಯಿತು. ರಾಸಾಯನಿಕ ಕಾರಣವೂ ಗೊತ್ತಿದೆ. ಎಲೆಯನ್ನು ಒಣಗಿಸಿ, ಹದ ಮಾಡಿ, ದಾಸ್ತಾನಿಡುವಾಗ ನಿಕೋಟಿನ್ ಮತ್ತು ಅದರ ಬಂಧು ರಾಸಾಯನಿಕಗಳಿಂದ ನೈಟ್ರೊಸಮೈನುಗಳು ಹುಟ್ಟುತ್ತವೆ. ಅವುಗಳಲ್ಲಿ ಎನ್‌ಎನ್‌ಎನ್ ಮತ್ತು ಎನ್‌ಎನ್‌ಕೆ ಎಂಬೆರಡು ಜೀವಕೋಶದ ಡಿಎನ್‌ಎಗೆ ಏಟು ಕೊಡುತ್ತವೆ.

ಅದೇ ಸಂಸ್ಥೆಯ ಸಂಶೋಧಕರು 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಪ್ರಕಟಿಸಿದ ಲೆಕ್ಕದಂತೆ, 2022ರಲ್ಲಿ ಜಗತ್ತಿನಾದ್ಯಂತ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯಿಂದ ಉಂಟಾದ ಬಾಯಿ ಕ್ಯಾನ್ಸರ್ ಪ್ರಕರಣಗಳು ಸುಮಾರು 1,20,200. ಅವುಗಳಲ್ಲಿ 83,400 ಭಾರತದವು. ಕ್ಯಾನ್ಸರಿನ ಆಚೆಗೂ ಹಾನಿಯಿದೆ. 2017ರ ಅಂಕಿಗಳನ್ನು ಆಧರಿಸಿದ ಇನ್ನೊಂದು ಜಾಗತಿಕ ಅಂದಾಜಿನಲ್ಲಿ, ಇದರ ದೆಸೆಯಿಂದ ಕ್ಯಾನ್ಸರಿಗೆ ಬಲಿಯಾದವರು 90 ಸಾವಿರ, ಹೃದಯಾಘಾತದಂಥ ಕಾಯಿಲೆಗಳಿಗೆ ಬಲಿಯಾದವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಹೆಣ್ಣುಮಕ್ಕಳ ವಿಷಯವನ್ನು ಇಲ್ಲಿ ಮರೆಯಬಾರದು. ಮುಂಬೈಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗರ್ಭಿಣಿಯಾಗಿದ್ದಾಗ ಹೊಗೆಯಿಲ್ಲದ ತಂಬಾಕು ಬಳಸಿದವರ ಮಕ್ಕಳ ಹುಟ್ಟುತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವ ರೂಢಿಯಿರುವ ಕಡೆ ಈ ಮಾತು ಮನೆಮನೆಗೆ ಮುಟ್ಟಬೇಕು.

ಈ ವಾದದ ದೌರ್ಬಲ್ಯವೂ ಎಳೆಯರ ವಿಷಯದಲ್ಲೇ ಕಾಣುತ್ತದೆ. ಕ್ಯಾನ್ಸರ್ ಸಾಮಾನ್ಯವಾಗಿ ಹಲವು ವರ್ಷಗಳ ಬಳಕೆಯ ನಂತರ ಬರುತ್ತದೆ. ಹದಿನಾರರ ಹುಡುಗನಿಗೆ ನಲವತ್ತರ ವಯಸ್ಸು ಇನ್ನೊಂದು ಜನ್ಮದಷ್ಟು ದೂರ. ಪೊಟ್ಟಣದ ಮೇಲಿನ ಭಯಂಕರ ಚಿತ್ರ ಅವನ ಕಣ್ಣಿಗೆ ಯಾರೋ ಮುದುಕನದ್ದಾಗಿ ಕಾಣುತ್ತದೆ.

ಅಡಿಕೆಯ ಪಾಲೆಷ್ಟು?

ಎಳೆಯರ ಬಾಯಿಗೆ ಮೊದಲು ಬರುವ ಕಾಯಿಲೆ ಬೇರೆಯದೇ ಇದೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕಾದಲ್ಲಿದ್ದ ಭಾರತೀಯ ಹೆಂಗಸರಲ್ಲಿ ಅದನ್ನು ಗುರುತಿಸಿದರು. ಮರುವರ್ಷ ಮುಂಬೈಯ ಎಸ್. ಜಿ. ಜೋಶಿ ಭಾರತದಲ್ಲೇ ಅದನ್ನು ವರದಿ ಮಾಡಿದರು. ವೈದ್ಯರು ಅದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ, ರೋಗಿಗಳು ಬಾಯಿ ಬಿಗಿಯುತ್ತದೆ ಎನ್ನುತ್ತಾರೆ. ಮೊದಲು ಖಾರ ತಾಗಿದರೆ ಉರಿ. ಆಮೇಲೆ ಕೆನ್ನೆಯ ಒಳಪದರ ಬಿಳಚಿಕೊಂಡು ಗಡುಸಾಗುತ್ತದೆ, ನಾರು ಕಟ್ಟುತ್ತದೆ. ಕೊನೆಗೆ ಬಾಯಿ ತೆರೆಯುವುದೇ ಕಷ್ಟ. ಗಟ್ಟಿಯಾಗಿ ಕಟ್ಟಿದ ನಾರು ಚಟ ಬಿಟ್ಟರೂ ಪೂರ್ತಿ ಕರಗುವುದಿಲ್ಲ. ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ ರೋಗಿಗಳನ್ನು 17 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ನೂರಕ್ಕೆ 7.6 ಮಂದಿಗೆ ಅದು ಕ್ಯಾನ್ಸರಿಗೆ ತಿರುಗಿತು.

ಇದಕ್ಕೆ ಮುಖ್ಯ ಕಾರಣ ತಂಬಾಕಲ್ಲ, ಅಡಿಕೆ. ಅಡಿಕೆಯಲ್ಲಿರುವ ಅರೆಕೋಲಿನ್ ನಾರು ನೇಯುವ ಕೋಶಗಳನ್ನು ಕೆರಳಿಸುತ್ತದೆ. ಹೈದರಾಬಾದಿನಲ್ಲಿ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಣ್ಣು ತೆರೆಸುವಂಥದ್ದು: ಎಲೆಯಡಿಕೆ ಹಾಕುವವರಲ್ಲಿ ಬಾಯಿ ಬಿಗಿಯಲು ಎಂಟು ವರ್ಷಕ್ಕೂ ಹೆಚ್ಚು ಹಿಡಿದಿದ್ದರೆ, ಗುಟ್ಕಾ ಮತ್ತು ಪಾನ್ ಮಸಾಲಾ ಜಗಿಯುವವರಲ್ಲಿ ಮೂರು ವರ್ಷದೊಳಗೇ ಅದು ಕಾಣಿಸಿಕೊಂಡಿತ್ತು. ಅಡಿಕೆ ಅದೇ. ಆದರೆ ಒಣ ಚೂರಿನ ರೂಪದಲ್ಲಿ, ಎಲೆಯ ಹೊದಿಕೆಯಿಲ್ಲದೆ, ದಿನಕ್ಕೆ ಹತ್ತಾರು ಬಾರಿ. 1998ರಲ್ಲಿ ಗುಜರಾತಿನ ಭಾವನಗರ ಜಿಲ್ಲೆಯಿಂದ ಬಂದ ವರದಿಯಲ್ಲಿ ಪ್ರಕಾಶ್ ಗುಪ್ತಾ ಮತ್ತು ಸಂಗಡಿಗರು ಇದು ಹೊಸ ಪಿಡುಗೇ ಎಂದು ಕೇಳಿದ್ದರು. ಅಲ್ಲಿ ಅಡಿಕೆ ಚೂರು, ತಂಬಾಕು, ಸುಣ್ಣ ಬೆರೆಸಿದ ಮಾವಾ ತಿನ್ನುವ ಯುವಕರಲ್ಲೇ ಈ ಕಾಯಿಲೆ ಹೆಚ್ಚಾಗಿ ಕಂಡಿತ್ತು. ಆ ಮಾವಾ ನಮ್ಮ ಕಲಬುರಗಿ, ವಿಜಯಪುರ, ಬೆಳಗಾವಿಯ ಹುಡುಗರಿಗೆ ಅಪರಿಚಿತವಲ್ಲ.

ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ, ತಂಬಾಕು ಇಲ್ಲದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಂದಿನಿಂದ ಮಲೆನಾಡು, ಕರಾವಳಿಗಳಲ್ಲಿ ಸಿಟ್ಟು ಆರಿಲ್ಲ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಶಿವಮೊಗ್ಗ, ದಾವಣಗೆರೆ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡದ ಲಕ್ಷಾಂತರ ಸಂಸಾರಗಳ ಊಟ, ಓದು, ಮದುವೆ ಎಲ್ಲವೂ ಅದೇ ಬೆಳೆಯಿಂದ. ಬೆಳೆಗಾರರ ವಾದ ಹೀಗಿದೆ: ಅಧ್ಯಯನಗಳೆಲ್ಲ ತಂಬಾಕು, ಸುಣ್ಣ, ಬಣ್ಣ ಬೆರೆತ ಉತ್ಪನ್ನಗಳ ಮೇಲೆ ನಡೆದಿವೆ, ಶುದ್ಧ ಅಡಿಕೆಯನ್ನು ನಮ್ಮ ಹಿರಿಯರು ತಲೆಮಾರುಗಳಿಂದ ತಿಂದಿದ್ದಾರೆ, ಆಯುರ್ವೇದದಲ್ಲೂ ಅದಕ್ಕೆ ಜಾಗವಿದೆ. ಈ ವಾದದ ಹಿಂದಿನ ಆತಂಕ ನ್ಯಾಯವಾದದ್ದು. ಬೆಲೆ ಕುಸಿದರೆ ನೇಣು ಬೀಳುವವನು ರೈತ, ಗುಟ್ಕಾ ಕಾರ್ಖಾನೆಯ ಮಾಲೀಕನಲ್ಲ. ಆದರೆ ಬಾಯಿ ಬಿಗಿಯುವ ಕಾಯಿಲೆ ತಂಬಾಕು ಮುಟ್ಟದವರಲ್ಲೂ ಬರುತ್ತದೆಂಬ ಸಾಕ್ಷ್ಯ ಬಲವಾಗಿದೆ. ‘ತಂಬಾಕುರಹಿತ’ ಎಂದು ಬರೆದ ಪಾನ್ ಮಸಾಲಾವನ್ನು ಮಕ್ಕಳಿಗೆ ನಿರಪಾಯ ಎನ್ನುವುದು ಸುಳ್ಳು. ಇದನ್ನು ಅಡಿಕೆ ಸೀಮೆಯ ಪತ್ರಿಕೆಗಳೂ ಮುಚ್ಚುಮರೆಯಿಲ್ಲದೆ ಬರೆಯಬೇಕು.

ನಿಕೋಟಿನ್ ಹಿಡಿತ

ಮೂರನೆಯ ಗುಂಪು ನರವಿಜ್ಞಾನ ಮತ್ತು ವ್ಯಸನ ಚಿಕಿತ್ಸೆಯವರದ್ದು. ಅವರ ದೃಷ್ಟಿಯಲ್ಲಿ ಎಳೆಯರಿಗೆ ಆಗುವ ಮೊದಲ ಹಾನಿ ಕಾಯಿಲೆಗಿಂತ ಮುಂಚಿನದು, ಅದು ಚಟ. ಜಗಿಯುವ ತಂಬಾಕಿಗೆ ಸುಣ್ಣ ಸೇರಿಸಿದಾಗ ಬಾಯಿಯ ಕ್ಷಾರಗುಣ ಏರುತ್ತದೆ. ಆಗ ನಿಕೋಟಿನ್ ಬಾಯಿಯ ಒಳಪದರದಿಂದ ಸಲೀಸಾಗಿ ರಕ್ತಕ್ಕೆ ಇಳಿಯುತ್ತದೆ. ಸಿಗರೇಟಿನ ನಿಕೋಟಿನ್ ಥಟ್ಟನೆ ಏರಿ ಬೇಗ ಇಳಿದರೆ, ಕೆನ್ನೆಯಲ್ಲಿಟ್ಟ ತಂಬಾಕಿನದ್ದು ನಿಧಾನವಾಗಿ ಏರಿ ಬಹಳ ಹೊತ್ತು ನಿಲ್ಲುತ್ತದೆ. ನಿರ್ಧಾರ, ಸಂಯಮಗಳನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೆ ಬೆಳೆಯುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಅಂಟಿದ ಚಟ ಬಿಡಿಸುವುದು ಕಷ್ಟ.

ಹೊಗೆಯಿಲ್ಲದ ತಂಬಾಕಿನಿಂದ ಮಕ್ಕಳು ಸಿಗರೇಟಿಗೆ ಹೋಗುತ್ತಾರೆಯೇ ಎಂಬ ಪ್ರಶ್ನೆ ಇಲ್ಲಿ ಬಿಸಿಯಾದದ್ದು. ಹೋಗುತ್ತಾರೆ ಎನ್ನುವ ಅಧ್ಯಯನಗಳಿವೆ. ಅಪಾಯಕ್ಕೆ ಒಡ್ಡಿಕೊಳ್ಳುವ ಸ್ವಭಾವದವರೇ ಎರಡನ್ನೂ ಹಿಡಿಯುತ್ತಾರೆ, ಒಂದು ಇನ್ನೊಂದಕ್ಕೆ ಕಾರಣವಲ್ಲ ಎನ್ನುವವರೂ ಇದ್ದಾರೆ.

ಸ್ವೀಡನ್ನಿನ ವಾದ

ಸ್ವೀಡನ್ನಿನಲ್ಲಿ ಸ್ನೂಸ್ ಎಂಬ ತೇವದ ತಂಬಾಕನ್ನು ಮೇಲ್ತುಟಿಯೊಳಗೆ ಇಟ್ಟುಕೊಳ್ಳುತ್ತಾರೆ. ಅಲ್ಲಿನ ಗಂಡಸರಲ್ಲಿ ಸಿಗರೇಟು ಸೇದುವವರು ಕಡಿಮೆ, ಶ್ವಾಸಕೋಶದ ಕ್ಯಾನ್ಸರೂ ಯುರೋಪಿನಲ್ಲೇ ತೀರ ಕಡಿಮೆ. ಇದನ್ನು ತೋರಿಸಿ, ಸಿಗರೇಟು ಬಿಡಲಾಗದವರಿಗೆ ಹೊಗೆಯಿಲ್ಲದ್ದು ಕಡಿಮೆ ಕೆಡುಕಿನ ದಾರಿ ಎನ್ನುವ ತಜ್ಞರಿದ್ದಾರೆ. ಯುರೋಪಿನ ಒಕ್ಕೂಟ 1992ರಲ್ಲೇ ಸ್ನೂಸ್ ಮಾರಾಟ ನಿಷೇಧಿಸಿದ್ದು, ಒಕ್ಕೂಟ ಸೇರುವಾಗ ಸ್ವೀಡನ್ ತನಗಾಗಿ ವಿನಾಯಿತಿ ಪಡೆಯಿತು.

ಈ ವಾದವನ್ನು ನಮ್ಮ ಗುಟ್ಕಾಕ್ಕೆ ಅಂಟಿಸುವುದು ತಪ್ಪು. ಸ್ನೂಸನ್ನು ಹಬೆಯಲ್ಲಿ ಬಿಸಿ ಮಾಡುವುದರಿಂದ ಅದರಲ್ಲಿ ನೈಟ್ರೊಸಮೈನ್ ಕಡಿಮೆ, ಅಡಿಕೆಯಂತೂ ಇಲ್ಲವೇ ಇಲ್ಲ. ದಕ್ಷಿಣ ಏಷ್ಯಾದ ಉತ್ಪನ್ನಗಳಲ್ಲಿ ಹಲವು ಇದಕ್ಕೆ ತದ್ವಿರುದ್ಧ. ಮೇಲಾಗಿ ಇದು ಈಗಾಗಲೇ ಸೇದುವ ವಯಸ್ಕನಿಗೆ ಹೇಳುವ ಮಾತು, ಏನನ್ನೂ ಮುಟ್ಟದ ಹದಿನೈದರ ಹುಡುಗಿಗೆ ಇದರಲ್ಲಿ ಲಾಭವೇ ಇಲ್ಲ. ನೆರೆಯ ನಾರ್ವೆಯಲ್ಲಿ ಸ್ನೂಸ್ ಹಳೆಯ ಸಿಗರೇಟುಗಾರರನ್ನು ದಾಟಿ ಎಳೆಯ ಹೆಣ್ಣುಮಕ್ಕಳಲ್ಲೂ ಹರಡಿದ್ದು ಗಮನಿಸಬೇಕಾದ ಸಂಗತಿ.

ಕಾನೂನು ಮತ್ತು ಗೂಡಂಗಡಿ

ಐದನೆಯ ನಿಲುವಿನವರು ರಾಸಾಯನಿಕದಿಂದ ದೃಷ್ಟಿ ತೆಗೆದು ಮಾರುಕಟ್ಟೆಯನ್ನು ನೋಡುತ್ತಾರೆ. 2003ರ ತಂಬಾಕು ಕಾಯ್ದೆ 18 ವರ್ಷದೊಳಗಿನವರಿಗೆ ಮಾರುವುದನ್ನೂ ಶಿಕ್ಷಣ ಸಂಸ್ಥೆಗಳಿಂದ ನೂರು ಗಜದೊಳಗೆ ಮಾರುವುದನ್ನೂ ನಿಷೇಧಿಸಿತು. 2015ರ ಬಾಲನ್ಯಾಯ ಕಾಯ್ದೆಯಡಿ ಮಕ್ಕಳಿಗೆ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆಯಿದೆ. ಆಹಾರದಲ್ಲಿ ತಂಬಾಕು, ನಿಕೋಟಿನ್ ಇರಕೂಡದೆಂಬ 2011ರ ನಿಯಮವನ್ನು ಹಿಡಿದು 2012ರಲ್ಲಿ ಮಧ್ಯಪ್ರದೇಶ ಗುಟ್ಕಾ ನಿಷೇಧಿಸಿತು. ಕರ್ನಾಟಕ 2013ರ ಮೇ ಕೊನೆಯಲ್ಲಿ ಅದೇ ಹೆಜ್ಜೆಯಿಟ್ಟಿತು.

ಆಮೇಲೆ ಆದದ್ದು ಎಲ್ಲರ ಕಣ್ಣೆದುರಿಗಿದೆ. ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ. ಅಂಗಡಿಯವನು ಎರಡನ್ನೂ ಒಟ್ಟಿಗೆ ಹರಿದು ಕೊಡುತ್ತಾನೆ, ಗಿರಾಕಿ ಬೆರೆಸಿಕೊಳ್ಳುತ್ತಾನೆ. ನಿಷೇಧವಾದ ಗುಟ್ಕಾ ಅಂಗೈಯಲ್ಲೇ ತಯಾರಾಗುತ್ತದೆ. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಸರಿಯಾಗಿ ಜಾರಿ ಮಾಡಿ ಎಂದು ಸೂಚಿಸಿದ ಮೇಲೂ ಈ ವ್ಯಾಪಾರ ನಿಂತಿಲ್ಲ. ತಂಬಾಕಿನ ಜಾಹೀರಾತು ನಿಷಿದ್ಧ, ಆದರೆ ಅದೇ ಹೆಸರಿನ ಪಾನ್ ಮಸಾಲಾಕ್ಕೂ ಏಲಕ್ಕಿಗೂ ಸಿನಿಮಾ ನಟರು ಬಣ್ಣ ಹಚ್ಚಿ ಬರುತ್ತಾರೆ. ಮಕ್ಕಳಿಗೆ ನೆನಪಿರುವುದು ಹೆಸರು, ನಟನ ಮುಖ. ಪೊಟ್ಟಣದ ಶೇ 85ರಷ್ಟು ಭಾಗ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮದ ಹೋರಾಟ ನಡೆದದ್ದು ಬೆಂಗಳೂರಿನಲ್ಲೇ. ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ಅದನ್ನು ರದ್ದು ಮಾಡಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಒಳ್ಳೆಯ ಸುದ್ದಿಯೂ ಇದೆ. 2009–10ರಿಂದ 2016–17ರ ನಡುವೆ ದೇಶದ 15–24 ವಯಸ್ಸಿನವರಲ್ಲಿ ತಂಬಾಕು ಬಳಕೆ ಶೇ 18.4ರಿಂದ 12.4ಕ್ಕೆ ಇಳಿಯಿತು. ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ ಎರಡು ವರ್ಷ ನಡೆದ ‘ಮೈತ್ರಿ’ ಎಂಬ ಪ್ರಯೋಗದಲ್ಲಿ, ಗೆಳೆಯರೇ ಮುಂದೆ ನಿಂತು ತರಗತಿ ನಡೆಸಿದ ಶಾಲೆಗಳಲ್ಲಿ ಬಳಕೆ ಶೇ 17ರಷ್ಟು ಇಳಿದರೆ, ಏನೂ ಮಾಡದ ಶಾಲೆಗಳಲ್ಲಿ ಶೇ 68ರಷ್ಟು ಏರಿತ್ತು. ಬರಿಯ ಉಪದೇಶಕ್ಕಿಂತ ಓರಗೆಯವರ ಮಾತು ನಾಟುತ್ತದೆ.

ಇನ್ನೂ ತೀರ್ಮಾನವಾಗದ್ದು

ಮೊದಲಿಗೆ ಆ ಎರಡು ಅಂಕಿಗಳ ನಡುವಿನ ಕಂದರ. ಶಾಲಾ ಸಮೀಕ್ಷೆಯಲ್ಲಿ ಮಕ್ಕಳು ನಿಜ ಹೇಳಿದರೋ, ಶಾಲೆ ಬಿಟ್ಟ ಮಕ್ಕಳು ಲೆಕ್ಕದಿಂದ ತಪ್ಪಿದರೋ, ಚಟ ಶುರುವಾಗುವುದೇ ಹತ್ತನೆಯ ತರಗತಿ ಮುಗಿದ ಮೇಲೋ? ಮೂರೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ನನ್ನ ಅನುಮಾನ ಮೂರನೆಯದರ ಮೇಲೆ ಹೆಚ್ಚು: ಪಿಯುಸಿ, ಐಟಿಐ, ಗ್ಯಾರೇಜು, ಗಾರೆ ಕೆಲಸ, ಲಾರಿ ಕ್ಲೀನರ್ ಕೆಲಸ ಸೇರುವ ಆ ಮೂರ್ನಾಲ್ಕು ವರ್ಷ. ಹಾಗಿದ್ದರೆ ಮಾರಾಟದ ವಯೋಮಿತಿಯನ್ನು 21ಕ್ಕೆ ಏರಿಸಿದ ಕರ್ನಾಟಕದ 2024ರ ತಿದ್ದುಪಡಿ ಕಾಯ್ದೆ ಸರಿಯಾದ ಜಾಗಕ್ಕೇ ಕೈಯಿಟ್ಟಿದೆ. ಆದರೆ ಗೂಡಂಗಡಿಯಲ್ಲಿ ವಯಸ್ಸು ಕೇಳುವವರು ಯಾರು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ.

ಜೋಡಿ ಪೊಟ್ಟಣವನ್ನು ಕಾನೂನಿನ ಹಿಡಿತಕ್ಕೆ ತರುವುದು ಹೇಗೆಂಬುದೂ ಇತ್ಯರ್ಥವಾಗಿಲ್ಲ. ಗುಟ್ಕಾವನ್ನು ಆಹಾರವೆಂದು ನಿಷೇಧಿಸಬಹುದೇ, ವರ್ಷವರ್ಷವೂ ಆ ಆದೇಶವನ್ನು ನವೀಕರಿಸಬಹುದೇ ಎಂಬ ಬಗ್ಗೆ ಹೈಕೋರ್ಟುಗಳು ಬೇರೆಬೇರೆ ದಿಕ್ಕಿಗೆ ತೀರ್ಪು ಕೊಟ್ಟಿವೆ: 2022ರಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ನಿಷೇಧವನ್ನು ರದ್ದು ಮಾಡಿದರೆ, 2023ರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಅದನ್ನು ಎತ್ತಿಹಿಡಿಯಿತು. ತಂಬಾಕು ಎಲೆಯೇ ಇಲ್ಲದೆ ನಿಕೋಟಿನ್ ಮಾತ್ರ ತುಂಬಿದ ಹೊಸ ಬಗೆಯ ಪೌಚುಗಳಿಗೆ 2003ರ ಕಾಯ್ದೆಯ ಪಟ್ಟಿಯಲ್ಲಿ ಜಾಗವೇ ಇಲ್ಲ. ಅವುಗಳನ್ನು ಹದಿಹರೆಯದಿಂದಲೇ ಬಳಸಿದವರಿಗೆ ಮೂವತ್ತು ವರ್ಷದ ನಂತರ ಏನಾಗುತ್ತದೆಂದು ಹೇಳುವಷ್ಟು ಕಾಲ ಯಾವ ದೇಶದಲ್ಲೂ ಕಳೆದಿಲ್ಲ. ಇನ್ನು ಅಡಿಕೆ ಬೆಳೆಗಾರರಿಗೆ ಪರ್ಯಾಯ ಬಳಕೆ, ಪರ್ಯಾಯ ಬೆಳೆ, ಪರಿಹಾರ ಯಾವುದು ಎಂಬುದನ್ನು ಆರೋಗ್ಯ ಇಲಾಖೆಯೂ ಕೃಷಿ ಇಲಾಖೆಯೂ ಒಂದೇ ಮೇಜಿನ ಸುತ್ತ ಕೂತು ಮಾತಾಡದೆ ನಿರ್ಧರಿಸಲಾಗದು.

ಇವೆಲ್ಲ ಇತ್ಯರ್ಥವಾಗುವ ತನಕ ಮನೆ, ಕಾಲೇಜುಗಳಲ್ಲಿ ಮಾಡಬಹುದಾದದ್ದು ಸ್ವಲ್ಪವಿದೆ. ಹುಡುಗನೊಬ್ಬ ಖಾರದ ಸಾರು ಬೇಡ ಎನ್ನತೊಡಗಿದರೆ, ಅವನ ಮೂರು ಬೆರಳು ನೆಟ್ಟಗೆ ಒಂದರ ಮೇಲೊಂದಿಟ್ಟು ಬಾಯೊಳಗೆ ಹಿಡಿಸದಿದ್ದರೆ ದಂತವೈದ್ಯರ ಬಳಿ ಕರೆದೊಯ್ಯಿರಿ, ಬೈಯುವುದನ್ನು ಆಮೇಲಕ್ಕಿಡಿ. ಬಿಡಲು ನೆರವು ಬೇಕಾದವರು ರಾಷ್ಟ್ರೀಯ ಸಹಾಯವಾಣಿ 1800-112-356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲೊಂದು.